ಬೆಣಚುಕಲ್ಲು, ಹುಣಸೆಬೀಜ ಮತ್ತು ಮೇಲೆಸೆದ ಚೆಂಡು

ಐವತ್ತು ತುಂಬುವ ಮೊದಲೇ ನಾನು ಕೆಲಸದಿಂದ ನಿವೃತ್ತಳಾದೆ. ಗಂಟಲು ಕೈಕೊಟ್ಟಿತು. ಧ್ವನಿತಂತುಗಳ ಮೇಲೆ ಗಂಟು ಎದ್ದಿದೆ, ಇನ್ನು ತರಗತಿಯಲ್ಲಿ ಕೂಗಬಾರದು ಎಂದು ವೈದ್ಯರು ಹೇಳಿದ ಮೇಲೆ ಪಾಠ ಹೇಳುವವಳ ಕೈಯಲ್ಲಿ ಉಳಿಯುವುದೇನು? ಈಗ ಮನೆಯಲ್ಲಿ ಕೂತು ಹಳೆಯ ದಿನಚರಿಗಳನ್ನು ತಿರುವಿ ಹಾಕುತ್ತಿದ್ದೇನೆ. ಬರೆಯಲು ಶುರುಮಾಡಿದಾಗ ನನಗೆ ಇಪ್ಪತ್ತನಾಲ್ಕು. ಆಗ ಎಲ್ಲವನ್ನೂ ಎಣಿಸುವ ಚಾಳಿ ಇತ್ತು. ಯಾವ ಮಗು ಯಾವ ತಪ್ಪು ಮಾಡಿತು, ಅದೇ ತಪ್ಪನ್ನು ಇನ್ನೆಷ್ಟು ಜನ ಮಾಡಿದರು ಎಂದು ದಿನಾ ಗೀಟು ಹಾಕುವುದು, ಐದನೆಯದಕ್ಕೆ ಅಡ್ಡಗೀಟು ಎಳೆಯುವುದು. ಮದುವೆಯಾದ ಹೊಸದರಲ್ಲಿ ನನ್ನ ಗಂಡ ಅದನ್ನು ನೋಡಿ, ಹಾಲಿನವನ ಲೆಕ್ಕವೆಂದು ತಿಳಿದಿದ್ದರು.

ಭೌತಶಾಸ್ತ್ರ ಕಲಿಸಲು ಈಗ ಹೊರಟಿರುವ ಕೆಲವು ಹುಡುಗ ಹುಡುಗಿಯರು, ಕೆಲಸ ನಿಜವಾಗಿ ಹೇಗಿರುತ್ತದೆ ಬರೆದುಕೊಡಿ ಎಂದು ಕೇಳಿದ್ದಾರೆ. ಬಡ್ತಿಯ ಕತೆ ನನ್ನಲ್ಲಿಲ್ಲ. ಸೇರಿದಾಗಲೂ 'ಫಿಸಿಕ್ಸ್ ಮಿಸ್', ಬಿಟ್ಟಾಗಲೂ 'ಫಿಸಿಕ್ಸ್ ಮಿಸ್'. ಇರುವುದೆಲ್ಲ ನನ್ನನ್ನು ದಂಗುಬಡಿಸಿದ ಸಂಗತಿಗಳು. ಮೊದಲ ಮೂರು ವರ್ಷದವನ್ನು ಹೇಳಿದರೆ ಸಾಕು, ಉಳಿದದ್ದನ್ನು ನೀವೇ ಊಹಿಸಿಕೊಳ್ಳುತ್ತೀರಿ.

ನನ್ನ ಗಂಡನಿಗೆ ಮದ್ರಾಸಿನ ಪ್ಯಾರೀಸ್ ಕಾರ್ನರಿನ ವಿಮಾ ಕಚೇರಿಗೆ ವರ್ಗವಾಗಿ ನಾವು ಮಂಡ್ಯ ಬಿಟ್ಟು ಬಂದೆವು. ತೊಂಬತ್ತೆಂಟರ ಜೂನ್ ತಿಂಗಳಲ್ಲಿ ಕ್ರೋಂಪೇಟೆಯ ಇಂಗ್ಲಿಷ್ ಮಾಧ್ಯಮದ ಒಂದು ಖಾಸಗಿ ಮೆಟ್ರಿಕ್ ಶಾಲೆಯಲ್ಲಿ ಕೆಲಸ ಸಿಕ್ಕಿತು. ಆ ವರ್ಷವೇ ಶಾಲೆಗೆ ಎಂಟು ಕಂಪ್ಯೂಟರ್ ಬಂದಿದ್ದವು. ಇಡೀ ಶಾಲೆಯಲ್ಲಿ ಏಸಿ ಇದ್ದದ್ದು ಅವುಗಳ ಕೋಣೆಗೊಂದೇ. ಒಳಗೆ ಹೋಗುವವರು ಬೂಟು ಹೊರಗೆ ಬಿಡಬೇಕು, ಧೂಳು ಬಿದ್ದರೆ ಯಂತ್ರ ಕೆಡುತ್ತದೆ. ಹಾಗಾಗಿ ಆ ತಣ್ಣನೆಯ ಕೋಣೆಯಲ್ಲಿ ನಲವತ್ತು ಜೊತೆ ಕಾಲುಚೀಲದ ವಾಸನೆ ಸದಾ ನಿಂತಿರುತ್ತಿತ್ತು. ಪ್ರತಿ ಪರದೆಯ ನೆತ್ತಿಯ ಮೇಲೆ ಆಯುಧಪೂಜೆಯ ಗಂಧ ಕುಂಕುಮ. ಕಂಪ್ಯೂಟರ್ ಕಲಿಸುತ್ತಿದ್ದ ಹುಡುಗ ಮೂರೇ ತಿಂಗಳಲ್ಲಿ ಬೇರೆ ಕೆಲಸ ಸಿಕ್ಕಿ ಹೊರಟುಹೋದ. ಕಾಲೇಜಿನಲ್ಲಿ ನಾನು ಬೇಸಿಕ್ ಎಂಬ ಕಂಪ್ಯೂಟರ್ ಭಾಷೆ ಸ್ವಲ್ಪ ಕಲಿತಿದ್ದೆ. ಹೆಡ್‌ಮಿಸ್ಟ್ರೆಸ್ ಕರೆದು ಕೋಣೆಯ ಬೀಗದಕೈಯನ್ನು ನನಗೆ ಕೊಟ್ಟರು. ಅವರನ್ನು ನಾವೆಲ್ಲ ಎಚ್ಚೆಂ ಮೇಡಂ ಎನ್ನುತ್ತಿದ್ದೆವು. ಅಲ್ಲಿ ಮಾತೆಲ್ಲ ತಮಿಳಿನಲ್ಲಿ, ನಡುನಡುವೆ ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

ಮೊದಲ ಆಘಾತ ಬಂದದ್ದು ಕಂಪ್ಯೂಟರಿನಿಂದಲ್ಲ, ಒಂದು ಚೆಂಡಿನಿಂದ. ಒಂಬತ್ತನೆಯ ತರಗತಿಯಲ್ಲಿ ಚಲನೆಯ ಪಾಠ ಮುಗಿಸಿ ಕಿರುಪರೀಕ್ಷೆ ಕೊಟ್ಟಿದ್ದೆ. ಅರ್ಧಕ್ಕರ್ಧ ಮಕ್ಕಳಿಗೆ ಪೂರ್ತಿ ಅಂಕ. ಖುಷಿಯಲ್ಲಿ ಉತ್ತರಪತ್ರಿಕೆ ಹಂಚಿ, ಬೋರ್ಡಿನ ಮೇಲೆ ಒಂದು ಚೆಂಡು ಬರೆದೆ. ಇದನ್ನು ಮೇಲೆ ಎಸೆದಿದ್ದೇನೆ, ಕೈಬಿಟ್ಟಾಗಿದೆ, ಇನ್ನೂ ಮೇಲಕ್ಕೇ ಹೋಗುತ್ತಿದೆ, ಈಗ ಇದರ ಮೇಲೆ ಯಾವ ಬಲ ಯಾವ ಕಡೆಗಿದೆ ಎಂದು ಬಾಣ ಹಾಕಿ ತೋರಿಸಿ ಎಂದೆ. ಗಾಳಿಯನ್ನು ಮರೆತುಬಿಡಿ ಎಂದೂ ಹೇಳಿದೆ. ಆ ದಿನದ ಪುಟದಲ್ಲಿ ಗೀಟುಗಳು ಸಾಲುಗಟ್ಟಿವೆ. ಮೂವರನ್ನು ಬಿಟ್ಟು ಇಡೀ ತರಗತಿ ಮೇಲ್ಮುಖವಾಗಿ ಬಾಣ ಹಾಕಿತ್ತು. ಎಸೆದ ಕೈಯ ಬಲ ಚೆಂಡಿನೊಳಗೆ ತುಂಬಿಕೊಂಡಿದೆಯಂತೆ, ಅದು ಖರ್ಚಾಗುವವರೆಗೆ ಮೇಲೆ ಹೋಗುತ್ತದಂತೆ, ಮುಗಿದ ಮೇಲೆ ಗುರುತ್ವಾಕರ್ಷಣೆ ಬಂದು ಹಿಡಿದುಕೊಳ್ಳುತ್ತದಂತೆ. ನ್ಯೂಟನ್ನನ ಮೂರೂ ನಿಯಮಗಳನ್ನು ಅಲ್ಪವಿರಾಮ ಬಿಡದೆ ಬರೆದ ಮಕ್ಕಳೇ ಇವರು. ಎರಡು ತಿಂಗಳು ನಾನು ಯಾರಿಗೆ ಏನು ಹೇಳುತ್ತಿದ್ದೆ?

ಸ್ಟಾಫ್ ರೂಮಿಗೆ ಬಂದು ಶಂಕರನಾರಾಯಣನ್ ಸರ್‌ಗೆ ಹೇಳಿದೆ. ಹನ್ನೊಂದು, ಹನ್ನೆರಡಕ್ಕೆ ಭೌತಶಾಸ್ತ್ರ ಹೇಳುತ್ತಿದ್ದ ಹಿರಿಯರು ಅವರು. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಪತ್ರಿಕೆಯಿಂದ ತಲೆ ಎತ್ತದೆ ಅವರು ಕೇಳಿದರು, "ಮೇಲ್ಗಡೆಗೆ ಬಾಣ ಹಾಕಿದ್ರಾ?"

"ನಿಮಗೆ ಹೇಗೆ ಗೊತ್ತು ಸರ್?"

"ಮೂವತ್ತು ವರ್ಷದಿಂದ ಗೊತ್ತಮ್ಮಾ. ಅದನ್ನು ಪರೀಕ್ಷೆಯಲ್ಲಿ ಕೇಳಲ್ಲ. ನೀನ್ಯಾಕೆ ಹೋಗಿ ಕೇಳಿದೆ?"

ಮಕ್ಕಳು ಹಾಕಿದ ಬಾಣಕ್ಕಿಂತ ಆ ಮಾತೇ ನನ್ನನ್ನು ಹೆಚ್ಚು ಅಲ್ಲಾಡಿಸಿತು. ಗೊತ್ತಿಲ್ಲದವರನ್ನು ನೋಡಿ ಬೇಸರವಾಗಬಹುದು. ಗೊತ್ತಿದ್ದೂ ಮೂವತ್ತು ವರ್ಷ ಪತ್ರಿಕೆ ಓದುತ್ತ ಕೂತವರನ್ನು ನೋಡಿ, ನಾನು ಅಂದು ದಿನಚರಿಯಲ್ಲಿ ಅವರಿಗೂ ಒಂದು ಗೀಟು ಹಾಕಿದೆ.

ಮರುವರ್ಷದ ಒಂಬತ್ತನೆಯ ತರಗತಿಗೆ ನಾನು ಸೂತ್ರಗಳನ್ನು ಹಿಂದಕ್ಕೆ ಸರಿಸಿ, ಮೊದಲು ನಿಯಮ ಬರೆಯಿಸಲು ಶುರುಮಾಡಿದೆ. ಕಂಪ್ಯೂಟರಿನ ಬೀಗದಕೈ ಕೈಯಲ್ಲಿದ್ದದ್ದರಿಂದಲೇ ಹೊಳೆದ ದಾರಿ ಅದು. ಯಂತ್ರಕ್ಕೆ 'ಚೆಂಡು ಮೇಲೆ ಹೋಗಿ ಕೆಳಗೆ ಬರುತ್ತದೆ' ಎಂದರೆ ಅರ್ಥವಾಗುವುದಿಲ್ಲ. ಈ ಕ್ಷಣದಲ್ಲಿ ಚೆಂಡು ಎಲ್ಲಿದೆ, ಎಷ್ಟು ವೇಗದಲ್ಲಿದೆ, ಮುಂದಿನ ಕ್ಷಣಕ್ಕೆ ಯಾವುದು ಎಷ್ಟು ಬದಲಾಗಬೇಕು, ಇಷ್ಟನ್ನು ಹೇಳಬೇಕು. ಬದಲಾಯಿಸುವವರು ಯಾರು ಎಂಬುದನ್ನೂ ನಾವೇ ಹೇಳಬೇಕು. ಹಾಗೆ ಹೇಳಲು ಹೊರಟರೆ ಮನಸ್ಸಿನಲ್ಲಿ ಅಡಗಿರುವ ತಪ್ಪು ತಾನಾಗಿ ಹೊರಗೆ ಬಂದು ನಿಲ್ಲುತ್ತದೆ.

ಯಂತ್ರಗಳು ಎಂಟೇ, ಮಕ್ಕಳು ನಲವತ್ತು. ಅದಕ್ಕೆ ಮೊದಲ ಪಾಠ ಮೈದಾನದಲ್ಲಿ. ಬಳಪದಿಂದ ಸಾಲಾಗಿ ಮನೆಗಳನ್ನು ಬರೆದೆ. ಒಬ್ಬ ಹುಡುಗ ಚೆಂಡು. ಅವನ ಕೈಯಲ್ಲಿ ಮೂರು ಬೆಣಚುಕಲ್ಲು, ಅದು ಅವನ ವೇಗ. ಸೀಟಿ ಊದಿದಾಗಲೆಲ್ಲ ಕೈಯಲ್ಲಿ ಎಷ್ಟು ಕಲ್ಲಿದೆಯೋ ಅಷ್ಟು ಮನೆ ಮುಂದೆ ಹೋಗಬೇಕು. ಆಮೇಲೆ ಇನ್ನೊಬ್ಬ ಬಂದು ಒಂದು ಕಲ್ಲನ್ನು ಕಿತ್ತುಕೊಳ್ಳಬೇಕು. ಇವನು ಭೂಮಿ. ಭೂಮಿಯಾದವನು ಪ್ರವೀಣ್, ತರಗತಿಗೇ ಮೊದಲಿಗ. ಚೆಂಡು ಮೂರು ಮನೆ ಹೋಯಿತು, ಆಮೇಲೆ ಎರಡು, ಆಮೇಲೆ ಒಂದು. ಆರನೆಯ ಮನೆಯಲ್ಲಿ ಕೈ ಖಾಲಿ. ಪ್ರವೀಣ್ ಕೈ ಝಾಡಿಸಿಕೊಂಡು ನೆರಳಿಗೆ ಹೊರಟ. ಎಲ್ಲಿಗೆ ಎಂದರೆ, "ಚೆಂಡು ನಿಂತುಹೋಯ್ತಲ್ಲ ಮಿಸ್, ನನ್ನ ಕೆಲಸ ಮುಗೀತು" ಎಂದ.

ನಾನು ಸೀಟಿ ಊದಿದೆ. ಚೆಂಡು ಅಲ್ಲೇ ನಿಂತಿತ್ತು. ಇನ್ನೊಮ್ಮೆ ಊದಿದೆ. ಕ್ರೋಂಪೇಟೆಯ ಹನ್ನೆರಡರ ಬಿಸಿಲಿನಲ್ಲಿ ಆ ಹುಡುಗ ಆಕಾಶದಲ್ಲಿ ನೇತುಬಿದ್ದ ಚೆಂಡಾಗಿ, ಬೆವರುತ್ತ ನಿಂತಿದ್ದ. ತರಗತಿಯೆಲ್ಲ ನಗಲು ಶುರುಮಾಡಿತು. ಆಗ ಪಕ್ಕದ ಸಾಲಿನಿಂದ ರೇವತಿ ಎಂಬ ಹುಡುಗಿ ಮುಂದೆ ಬಂದಳು. ಉಪ್ಪು ಹಚ್ಚಿದ ಹುಣಸೆಹಣ್ಣು ಬಾಯಲ್ಲಿತ್ತು. ಬೀಜವೊಂದನ್ನು ಉಗಿದು, ಲಂಗಕ್ಕೆ ಒರೆಸಿ, ಚೆಂಡಿನ ಕೈಗಿಟ್ಟಳು.

"ಇದು ಕೆಳಗೆ ಹೋಗೋ ಕಲ್ಲು" ಎಂದಳು.

ಕಲ್ಲು ಕಿತ್ತುಕೊಳ್ಳುವುದೂ ಬೀಜ ಕೊಡುವುದೂ ಒಂದೇ ಕೆಲಸ, ಭೂಮಿ ಬೇರೆ ಏನೂ ಮಾಡುತ್ತಿಲ್ಲ ಎಂದು ಅವಳು ವಿವರಿಸಲಿಲ್ಲ. ವಿವರಿಸಲು ಬರುತ್ತಲೂ ಇರಲಿಲ್ಲ. ಪ್ರತಿ ಸೀಟಿಗೂ ಒಂದೊಂದು ಬೀಜ ಉಗಿದು ಕೊಡುತ್ತ ಹೋದಳು. ಒಂದು ಬೀಜಕ್ಕೆ ಒಂದು ಮನೆ ಹಿಂದಕ್ಕೆ, ಆಮೇಲೆ ಎರಡು, ಆಮೇಲೆ ಮೂರು. ಚೆಂಡು ಎಸೆದ ಗೀಟಿಗೇ ಬಂದು ನಿಂತಿತು. ಪ್ರವೀಣ್ ನೆರಳಿನಿಂದಲೇ ಕೂಗಿದ, "ಅಂದ್ರೆ ಭೂಮಿಗೆ ಒಂದು ಸೀಟಿ ಕೂಡ ಲೀವ್ ಇಲ್ವಾ?" ನಾನು ವರ್ಷವಿಡೀ ಬೋರ್ಡಿನ ಮೇಲೆ ಬರೆದು ಅಳಿಸಿದ್ದನ್ನು ಆ ಹುಡುಗ ಒಂದು ಮಾತಿನಲ್ಲಿ ಹೇಳಿಬಿಟ್ಟಿದ್ದ.

ರೇವತಿಯ ವಿಷಯ ಇಲ್ಲೇ ಹೇಳಬೇಕು. ಅವಳ ತಂದೆ ರೈಲ್ವೆಯಲ್ಲಿ ಟಿಕೆಟ್ ಕೌಂಟರಿನ ಗುಮಾಸ್ತರು, ಅರಸೀಕೆರೆಯ ಕಡೆಯವರು. ಮದ್ರಾಸಿಗೆ ಬಂದು ಬಹಳ ಕಾಲವಾಗಿತ್ತು. ನಾನು ಕನ್ನಡದಲ್ಲಿ ಕೇಳಿದರೆ ಹುಡುಗಿ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು. ಅವಳಿಗೆ ಕಂಠಪಾಠ ಹತ್ತುತ್ತಿರಲಿಲ್ಲ. ಉತ್ತರದ ಎರಡನೆಯ ಸಾಲಿನಲ್ಲಿ ಒಂದು ಪದ ಮರೆತರೆ ಅಲ್ಲಿಗೇ ಪೆನ್ನು ಇಟ್ಟು ಕಿಟಕಿ ನೋಡುತ್ತ ಕೂರುವಳು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತವೊಂದನ್ನು ಬಿಟ್ಟು ಎಲ್ಲದರಲ್ಲೂ ಫೇಲು.

ಆ ವರ್ಷವೇ ರೈಲಿನ ಪಾಠವೂ ಆಯಿತು. ಕೆಲವು ಮಕ್ಕಳನ್ನು ಕರೆದುಕೊಂಡು ತಾಂಬರಂ ಕಡೆಯ ಲೋಕಲ್ ಹತ್ತಿದೆ. ಓಡುವ ರೈಲಿನಲ್ಲಿ ನಿಂಬೆಹಣ್ಣು ಕೈಬಿಟ್ಟರೆ ಎಲ್ಲಿ ಬೀಳುತ್ತದೆ ಎಂದು ಮೊದಲೇ ಬರೆಯಿಸಿದ್ದೆ. ಎಲ್ಲರೂ 'ಹಿಂದೆ' ಎಂದು ಬರೆದಿದ್ದರು. ಹಣ್ಣು ನೇರವಾಗಿ ಕಾಲಬುಡಕ್ಕೆ ಬಿತ್ತು. ಫ್ಯಾನಿನ ಗಾಳಿ ತಳ್ಳಿತು ಎಂದರು. ಫ್ಯಾನ್ ನಿಲ್ಲಿಸಿ ಮತ್ತೆ ಬಿಟ್ಟೆವು. ಎದುರಿಗೆ ಕೂತಿದ್ದ ಹೂವಿನ ಬುಟ್ಟಿಯ ಅಜ್ಜಿ, ದೃಷ್ಟಿ ತೆಗೆಯುವುದಾದರೆ ಹಣ್ಣನ್ನು ಕಾಲಿಂದ ತುಳಿಯಬೇಕು, ಹೀಗೆ ಬೀಳಿಸಿ ಬೀಳಿಸಿ ಎತ್ತಿಕೊಂಡರೆ ಪ್ರಯೋಜನವಿಲ್ಲ ಎಂದು ನಮಗೇ ಪಾಠ ಹೇಳಿದಳು. ಕಣ್ಣಾರೆ ಕಂಡರೂ ಮಕ್ಕಳು ನಂಬಲಿಲ್ಲ ಎನ್ನುವುದು ನನಗೆ ದೊಡ್ಡ ಪೆಟ್ಟು. ಕೊನೆಗೆ ರೇವತಿ, ರೈಲು ಕೊಟ್ಟ ಕಲ್ಲುಗಳು ಹಣ್ಣಿನ ಕೈಯಲ್ಲೇ ಇವೆಯಲ್ಲ, ಅವನ್ನು ಯಾರೂ ಕಿತ್ತುಕೊಂಡಿಲ್ಲವಲ್ಲ ಎಂದು ಕೇಳಿದ ಮೇಲೆಯೇ ಉಳಿದವರು ಸುಮ್ಮನಾದದ್ದು. ಇದನ್ನು ಹೊಸಬರು ಗಮನಿಸಬೇಕು. ನೋಡಿದ್ದರಿಂದ ನಂಬಿಕೆ ಬದಲಾಗುವುದಿಲ್ಲ. ಹೆಜ್ಜೆ ಹೆಜ್ಜೆಗೂ 'ಇದನ್ನು ಮಾಡುತ್ತಿರುವವರು ಯಾರು' ಎಂದು ಕೇಳಿಕೊಂಡಾಗ ಮಾತ್ರ ಅದು ಸಡಿಲವಾಗುತ್ತದೆ.

ಫೆಬ್ರವರಿಯಲ್ಲಿ ಎಚ್ಚೆಂ ಮೇಡಂ ನನ್ನನ್ನು ಕರೆದು ಆರು ಹೆಸರು ಓದಿದರು. ಅವರಿಗೆ ವರ್ಷದ ಕೊನೆಗೆ ಟಿ.ಸಿ. ಕೊಟ್ಟು ಕಳಿಸುವುದೆಂದು ತೀರ್ಮಾನವಾಗಿದೆ ಎಂದರು. ನನಗೆ ಅರ್ಥವಾಗಲಿಲ್ಲ. ಅವರು ತಾಳ್ಮೆಯಿಂದ ತಿಳಿಸಿದರು. ಹತ್ತನೆಯ ತರಗತಿಯಲ್ಲಿ ನಮ್ಮ ಶಾಲೆಯದು ಪ್ರತಿವರ್ಷ ನೂರಕ್ಕೆ ನೂರು ಫಲಿತಾಂಶ. ಅದು ಹೇಗೆ ಬರುತ್ತದೆ ಎಂದುಕೊಂಡಿದ್ದೀಯಮ್ಮಾ? ಫೇಲಾಗುವವರನ್ನು ಒಂಬತ್ತರಲ್ಲೇ ಕಳಿಸುವುದರಿಂದ ಬರುತ್ತದೆ. ಗೇಟಿನ ಪಕ್ಕದ ದೊಡ್ಡ ಬೋರ್ಡಿನಲ್ಲಿ ಬರೆದಿದ್ದ ಆ ನೂರನ್ನು ಓದಿಕೊಂಡೇ ನಾನು ಹೆಮ್ಮೆಯಿಂದ ಒಳಗೆ ಕಾಲಿಟ್ಟಿದ್ದೆ. ಆರು ಹೆಸರಿನಲ್ಲಿ ಕೊನೆಯದು ರೇವತಿಯದು. ಉಳಿದ ಐವರ ಮನೆಯವರು ಬೇರೆ ಶಾಲೆ ನೋಡಿಕೊಂಡಾಗಿತ್ತು.

ನಾನು ವಾದಿಸಿದೆ. ಅರ್ಥ ಮಾಡಿಕೊಳ್ಳುವುದರಲ್ಲಿ ಅವಳಷ್ಟು ಚುರುಕು ಯಾರೂ ಇಲ್ಲ, ಬೇಕಾದರೆ ಬಂದು ನೋಡಿ ಎಂದೆ. ಎಚ್ಚೆಂ ಮೇಡಂ ಕೆಟ್ಟವರಲ್ಲ. ಸ್ವಲ್ಪ ಯೋಚಿಸಿ, "ಶನಿವಾರ ಕರೆಸ್ಪಾಂಡೆಂಟ್ ಸರ್ ಕಂಪ್ಯೂಟರ್ ಕ್ಲಾಸ್ ನೋಡೋಕೆ ಬರ್ತಿದಾರೆ. ಅವರ ಮುಂದೆ ಅವಳು ಏನಾದರೂ ಮಾಡಿ ತೋರಿಸಲಿ. ನಾನು ಮಾತಾಡ್ತೀನಿ" ಎಂದರು. ಕರೆಸ್ಪಾಂಡೆಂಟ್ ಎಂದರೆ ನಮ್ಮಲ್ಲಿ ಶಾಲೆಯ ಒಡೆಯರು. ಅವರ ಮಾತೇ ಕೊನೆ.

ಎಸೆದ ಚೆಂಡಿನ ಪ್ರೋಗ್ರಾಮು ಬರೆಯುವುದನ್ನು ಮಕ್ಕಳು ಆಗಲೇ ಕಲಿತಿದ್ದರು. ಅದಕ್ಕಾಗಿ ನಾನೊಂದು ಹಾಳೆ ಮಾಡಿ ಕೊಟ್ಟಿದ್ದೆ. ಮೊದಲ ಕೆಲವು ಸಾಲು ಅದರಲ್ಲೇ ಇತ್ತು. ವೇಗ ಬದಲಾಗುವ ಜಾಗದಲ್ಲಿ ಇಂಗ್ಲಿಷಿನಲ್ಲಿ, 'ಇಲ್ಲಿ ನಿಂತು ಯೋಚಿಸಿ' ಎಂದು ಬರೆದು ಖಾಲಿ ಬಿಟ್ಟಿದ್ದೆ. ಅಲ್ಲಿ ಏನು ಬರಬೇಕೆಂದು ಮಗುವೇ ಕಂಡುಕೊಳ್ಳಬೇಕು. ಕೊನೆಯ ಸಾಲುಗಳನ್ನು ಮತ್ತೆ ನಾನೇ ಕೊಟ್ಟಿದ್ದೆ.

ಶನಿವಾರ ಎಂಟು ಮಕ್ಕಳು ಕಾಲುಚೀಲದಲ್ಲಿ ಸಾಲಾಗಿ ಕೂತರು. ಕರೆಸ್ಪಾಂಡೆಂಟ್ ಸರ್ ಬಂದರು, ಹಿಂದೆ ಎಚ್ಚೆಂ ಮೇಡಂ, ಅವರ ಹಿಂದೆ ತಮಾಷೆ ನೋಡಲು ಶಂಕರನಾರಾಯಣನ್ ಸರ್. ನಾನು ಶುರುಮಾಡಿ ಎಂದೆ. ಮಕ್ಕಳು ಎಷ್ಟು ಬೇಗ ಟೈಪು ಮಾಡಿದರೆಂದರೆ ನನಗೇ ಅನುಮಾನ ಬಂತು. ಏಳು ಜನ ಹೆಚ್ಚುಕಡಿಮೆ ಒಟ್ಟಿಗೇ ಮುಗಿಸಿ ಗುಂಡಿ ಒತ್ತಿದರು. ಏಳೂ ಪರದೆಗಳ ಮೇಲೆ ಒಂದೇ ಉತ್ತರ ಬಂತು: ಸಿಂಟ್ಯಾಕ್ಸ್ ಎರರ್, ಎಂದರೆ ಬರೆದ ಸಾಲು ಯಂತ್ರಕ್ಕೆ ಅರ್ಥವಾಗಲಿಲ್ಲ. ಏಳರಲ್ಲೂ ಒಂದೇ ಸಾಲಿನಲ್ಲಿ.

ಓಡಿಹೋಗಿ ಮೊದಲ ಪರದೆ ನೋಡಿದೆ. ಆ ಸಾಲಿನಲ್ಲಿ ಪ್ರವೀಣ್, 'ಇಲ್ಲಿ ನಿಂತು ಯೋಚಿಸಿ' ಎಂದು ಟೈಪು ಮಾಡಿದ್ದ. ಪಕ್ಕದವಳೂ ಹಾಗೇ. ಅದರ ಪಕ್ಕದವನೂ ಹಾಗೇ. ಸ್ಟೇಷನ್ನಿನ ಎದುರು ಗಲ್ಲಿಯ ಟ್ಯೂಷನ್ ಮಾಸ್ತರು ನನ್ನ ಹಾಳೆಯನ್ನು ಝೆರಾಕ್ಸ್ ಮಾಡಿಸಿ, 'ಮುಖ್ಯ ಪ್ರೋಗ್ರಾಮ್' ಎಂದು ಹಂಚಿ, ಬಾಯಿಪಾಠ ಮಾಡಿಸಿ, ತಪ್ಪಿಲ್ಲದೆ ಒಪ್ಪಿಸುವವರೆಗೆ ಬಿಟ್ಟಿರಲಿಲ್ಲ ಎಂದು ಆಮೇಲೆ ತಿಳಿಯಿತು. ಮಕ್ಕಳು ಒಂದಕ್ಷರ ಬಿಡದೆ ಒಪ್ಪಿಸಿದ್ದರು. ಬಾಯಿಪಾಠದಿಂದ ಬಿಡಿಸಲೆಂದು ನಾನು ಬರೆದ ಸಾಲೂ ಬಾಯಿಪಾಠವಾಗಿತ್ತು. ಹಿಂದಿನಿಂದ ಶಂಕರನಾರಾಯಣನ್ ಸರ್ ಕೆಮ್ಮುವ ಸದ್ದು. ನಗು ತಡೆಯಲು ಅವರು ಕರವಸ್ತ್ರವನ್ನು ಬಾಯಿಗೊತ್ತಿಕೊಂಡಿದ್ದರು.

ಎಂಟನೆಯ ಪರದೆಯ ಮೇಲೆ ಮಾತ್ರ ಒಂದು ಚುಕ್ಕಿ ಮೇಲೆ ಹೋಗುತ್ತಿತ್ತು. ರೇವತಿ ಟ್ಯೂಷನ್ನಿಗೆ ಹೋಗುತ್ತಿರಲಿಲ್ಲ. ಅವಳು ತಡವಾಗಿ, ಒಂದೊಂದೇ ಬೆರಳಿನಲ್ಲಿ ಒತ್ತಿ, ಖಾಲಿ ಜಾಗದಲ್ಲಿ ಬರಬೇಕಾದದ್ದನ್ನು ಬರೆದಿದ್ದಳು. ಚುಕ್ಕಿ ನಿಧಾನವಾಯಿತು, ತಿರುಗಿತು, ಇಳಿಯಿತು. ಆದರೆ ಚುಕ್ಕಿ ಎಸೆದ ಗೀಟಿನಲ್ಲಿ ನಿಲ್ಲದೆ, ಅದನ್ನೂ ದಾಟಿ ಪರದೆಯ ಕೆಳಗೆ ಮಾಯವಾಯಿತು.

"ಎಲ್ಲಿ ಹೋಯ್ತು?" ಎಂದು ಕರೆಸ್ಪಾಂಡೆಂಟ್ ಸರ್ ಇಂಗ್ಲಿಷಿನಲ್ಲಿ ಕೇಳಿದರು.

ರೇವತಿ ಎದ್ದು ನಿಂತು ತಮಿಳಿನಲ್ಲಿ ಹೇಳಿದಳು, "ನೆಲ ಇದೆ ಅಂತ ನಾನು ಅದಕ್ಕೆ ಹೇಳಿಲ್ಲ ಸರ್."

ನಾನು ಆ ಉತ್ತರಕ್ಕೆ ನೂರಕ್ಕೆ ನೂರು ಕೊಡುತ್ತಿದ್ದೆ. ಅವರು ಎಚ್ಚೆಂ ಮೇಡಂ ಕಡೆ ತಿರುಗಿ, ಒಂಬತ್ತನೆಯ ತರಗತಿಯ ಹುಡುಗಿ ಇನ್ನೂ ತಮಿಳಿನಲ್ಲಿ ಉತ್ತರಿಸುತ್ತಾಳಲ್ಲ, ಅವಳ ಚೆಂಡು ನೆಲದ ಕೆಳಗೆ ಹೋಗುತ್ತದಲ್ಲ ಎಂದರು. ಉಳಿದ ಏಳು ಮಕ್ಕಳು ಅಂದವಾಗಿ, ಒಂದೇ ಥರ ಟೈಪು ಮಾಡಿದ್ದಾರೆ, ಪಾಪ ಯಂತ್ರಗಳೇ ಕೆಟ್ಟಿವೆ, ಸರ್ವೀಸಿಗೆ ಹೇಳಿಕಳಿಸಿ ಎಂದರು. ಬೂಟು ಹಾಕಿಕೊಂಡು ಹೊರಟುಹೋದರು.

ಸೋಮವಾರ ಸರ್ವೀಸಿನವನು ನಿಜವಾಗಿಯೂ ಬಂದ. ಏಳೂ ಯಂತ್ರಗಳನ್ನು ಬಿಚ್ಚಿ ಧೂಳು ಒರೆಸಿ ಹೋದ.

ಆ ಶನಿವಾರವೇ ಸ್ಟಾಫ್ ರೂಮಿನಲ್ಲಿ ಶಂಕರನಾರಾಯಣನ್ ಸರ್ ನನ್ನ ಎದುರಿಗೆ ಬಂದು ಕೂತಿದ್ದರು. ಅವರ ಕಣ್ಣಲ್ಲಿ ಇನ್ನೂ ನೀರಿತ್ತು. "ಮೂವತ್ತು ವರ್ಷ ಡಿಕ್ಟೇಷನ್ ಕೊಟ್ಟಿದೀನಿ ಅಮ್ಮಾ. ಪಾಪಿಗಳು ನನ್ನ ಕೆಮ್ಮನ್ನೂ ಬರ್ಕೊಂಡಿರಬೇಕು" ಎಂದರು. ಸ್ವಲ್ಪ ಹೊತ್ತಿಗೆ ಅವರ ನಗು ನಿಂತಿತು. ಆ ಹುಡುಗಿಯ ಗತಿಯೇನು ಎಂದು ಕೇಳಿದರು. ಟಿ.ಸಿ. ಎಂದೆ. ಅವರು ಎದ್ದು ಎಚ್ಚೆಂ ಮೇಡಂ ಕೋಣೆಗೆ ಹೋದರು. ಒಳಗೆ ಏನು ಮಾತಾಯಿತೋ, ಅರ್ಧ ಗಂಟೆಯ ಮೇಲೆ ನನ್ನನ್ನೂ ಕರೆದರು. ಮೇಡಂ ಒಂದು ದಾರಿ ಕಂಡುಹಿಡಿದಿದ್ದರು.

ರೇವತಿ ಹತ್ತನೆಯ ತರಗತಿಯಲ್ಲಿ ಬಂದು ಕೂರಬಹುದು. ಯೂನಿಫಾರಂ ಹಾಕಬಹುದು, ಪಾಠ ಕೇಳಬಹುದು. ಆದರೆ ಕಾಗದದ ಮೇಲೆ ಅವಳು ಈ ಶಾಲೆಯವಳಲ್ಲ. ಪರೀಕ್ಷೆಗೆ ಪ್ರೈವೇಟ್ ಆಗಿ, ಬೇರೆ ಕೇಂದ್ರದಲ್ಲಿ ಕೂರಬೇಕು. ಫೇಲಾದರೆ ಶಾಲೆಯ ನೂರಕ್ಕೆ ಏನೂ ತಗಲುವುದಿಲ್ಲ. ಅವಳ ತಂದೆಯನ್ನು ಕರೆಸಿ ಇದನ್ನು ಹೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ ಅವರು ಒಪ್ಪಿಬಿಟ್ಟರು. ಆಚೆ ಬಂದು ಅವರು ನನ್ನೊಂದಿಗೆ ಕನ್ನಡದಲ್ಲಿ, "ಪರವಾಯಿಲ್ಲೆ ಮೇಡಂ. ರಿಸರ್ವೇಷನ್ ಸಿಗದಿದ್ರೆ ಜನ ನಿಂತ್ಕೊಂಡಾದ್ರೂ ಹೋಗಲ್ವಾ? ಊರು ಸೇರಿದ್ರೆ ಸರಿ" ಎಂದರು.

ಹೊಸ ಶಾಲಾವರ್ಷದ ಮೊದಲ ದಿನ ನಾನು ಹತ್ತನೆಯ ತರಗತಿಯ ಹಾಜರಿ ಕೂಗಿದೆ. ಕೊನೆಯ ಹೆಸರು ಮುಗಿಯಿತು. ಹಿಂದಿನ ಬೆಂಚಿನಲ್ಲಿ ರೇವತಿ ಅರ್ಧ ಎದ್ದು ನಿಂತಿದ್ದಳು. ನಾನು ಪುಸ್ತಕ ಮುಚ್ಚಿದೆ. ಅವಳು ಕೂತಳು. ಇನ್ಸ್‌ಪೆಕ್ಷನ್ನಿನ ದಿನ ಅವಳನ್ನು ಲೈಬ್ರರಿಗೆ ಕಳಿಸಬೇಕಾಗಿತ್ತು. ಗ್ರೂಪ್ ಫೋಟೋ ತೆಗೆದ ದಿನ ಅವಳೇ ಲೈಬ್ರರಿಗೆ ಹೋದಳು. ಯಾರೂ ಹೇಳಿರಲಿಲ್ಲ.

ಆ ವರ್ಷದ ಒಳ್ಳೆಯ ನೆನಪು ಕಾಫಿಯದು. ಬಿಸಿ ವಸ್ತು ಹೇಗೆ ಆರುತ್ತದೆ ಎಂಬ ಪಾಠ. ಶಂಕರನಾರಾಯಣನ್ ಸರ್ ತಮ್ಮ ಹನ್ನೊಂದು ಗಂಟೆಯ ಟಂಬ್ಲರನ್ನು ದಾನ ಕೊಟ್ಟರು. ಕುಡಿದು ಮುಗಿದ ಮೇಲೆ ನಿಮ್ಮ ಕಂಪ್ಯೂಟರು ಏನಾದರೂ ಮಿಗಿಸಿದರೆ ನನಗೆ ಕಳಿಸಿ ಎಂದರು. ನಿಮಿಷ ನಿಮಿಷಕ್ಕೂ ಕಾಫಿ ಎಷ್ಟು ಆರುತ್ತದೆ, ನಿಯಮ ಬರೆಯಿರಿ ಎಂದೆ. ಪ್ರವೀಣ್ ಪ್ರತಿ ನಿಮಿಷಕ್ಕೂ ಐದು ಡಿಗ್ರಿ ಕಳೆದ. ಯಂತ್ರ ಅವನ ಮಾತನ್ನು ಚಾಚೂ ತಪ್ಪದೆ ನಡೆಸಿತು. ಕಾಫಿ ಕೋಣೆಗಿಂತ ತಣ್ಣಗಾಯಿತು, ಆಮೇಲೆ ಮಂಜುಗಡ್ಡೆಯಾಯಿತು, ಆಮೇಲೂ ಬಿಡಲಿಲ್ಲ. ಮದ್ರಾಸಿನ ಸೆಖೆಯಲ್ಲಿ ಫಿಲ್ಟರ್ ಕಾಫಿ ಹಿಮಾಲಯಕ್ಕಿಂತ ತಣ್ಣಗೆ ಕೂತಿತ್ತು. ತರಗತಿಗೆ ತರಗತಿಯೇ ಬಾಯಿ ತೆರೆದು ನೋಡಿತು. ರೇವತಿ ಹಿಂದಿನಿಂದ ಕೇಳಿದಳು, "ರೂಮಿಗಿಂತ ಕೆಳಗೆ ಅದನ್ನು ಯಾರು ಇಳಿಸ್ತಾರೆ?" ಕಾಫಿಗೂ ಕೋಣೆಗೂ ಇರುವ ಅಂತರದಲ್ಲಿ ಒಂದು ಪಾಲು ಹೋಗಬೇಕು, ಅಂತರ ಕಡಿಮೆಯಾದರೆ ಪಾಲೂ ಕಡಿಮೆ ಎಂಬ ನಿಯಮಕ್ಕೆ ಅವರೆಲ್ಲ ಸೇರಿ ಬಂದರು. ಅಂದು ಪ್ರವೀಣ್ ಮೊದಲ ಸಲ ಏನನ್ನೂ ಬರೆದುಕೊಳ್ಳದೆ ಪರದೆಯನ್ನೇ ನೋಡುತ್ತ ಕೂತಿದ್ದ.

ಪರೀಕ್ಷೆ ಮಾತ್ರ ಹಳೆಯದೇ ಪರೀಕ್ಷೆ. ರೇವತಿಗೆ ಪ್ಯಾರಾ ಪ್ಯಾರಾ ಬಾಯಿಪಾಠ ಬರುವುದಿಲ್ಲ. ಅದಕ್ಕೆ ವಿಜ್ಞಾನದ ಪ್ರತಿ ಉತ್ತರವನ್ನೂ ಹೆಜ್ಜೆಗಳಾಗಿ ಒಡೆದೆವು. ಈಗ ಏನಿದೆ, ಮುಂದೇನಾಗುತ್ತದೆ, ಮಾಡುವವರು ಯಾರು. ಒಂದು ಸಾಲು ಬರೆದರೆ ಅದೇ ಮುಂದಿನ ಸಾಲನ್ನು ಕರೆದು ತರಬೇಕು. ಪದ ಮರೆತರೆ ಕಿಟಕಿ ನೋಡುವ ಚಟ ಹೀಗೆ ಬಿಟ್ಟಿತು. ಇತಿಹಾಸಕ್ಕೆ ಈ ಉಪಾಯ ಅರ್ಧಂಬರ್ಧ ನಡೆಯಿತು. ಚಕ್ರವರ್ತಿಗಳು ಭೂಮಿಯಷ್ಟು ನಿಯಮಬದ್ಧರಲ್ಲ.

ಫಲಿತಾಂಶ ಬಂತು. ಶಾಲೆಗೆ ನೂರಕ್ಕೆ ನೂರು. ರೇವತಿಯ ನಂಬರು ಬೇರೆ ಕೇಂದ್ರದ ಪಟ್ಟಿಯಲ್ಲಿತ್ತು. ಇತಿಹಾಸದಲ್ಲಿ ಗಡಿಯ ಮೇಲೆ ಕಾಲಿಟ್ಟು ದಾಟಿದ್ದಳು. ವಿಜ್ಞಾನದಲ್ಲಿ ನಮ್ಮ ಶಾಲೆಯ ಮೊದಲ ಹತ್ತು ಜನರ ಸಾಲಿಗೆ ಬರುವಷ್ಟು ಅಂಕ. ಅವಳು ನಮ್ಮ ಶಾಲೆಯವಳಲ್ಲವಾದ್ದರಿಂದ ಪ್ಲಸ್ ಒನ್, ಎಂದರೆ ಹನ್ನೊಂದನೆಯ ತರಗತಿ, ಸೇರಲು ಇಲ್ಲಿ ಕೇಳಲೇ ಇಲ್ಲ. ಎರಡು ಬಸ್ಸು ಬದಲಾಯಿಸಿ ಹೋಗುವ ಸರ್ಕಾರಿ ಬಾಲಕಿಯರ ಶಾಲೆಯೊಂದರಲ್ಲಿ ಸೇರಿದಳು.

ಜುಲೈ ತಿಂಗಳಲ್ಲಿ ಎಚ್ಚೆಂ ಮೇಡಂ ಅವಳನ್ನೂ ತಂದೆಯನ್ನೂ ಕರೆಸಿದರು. ನನ್ನನ್ನೂ ಕೂರಿಸಿಕೊಂಡರು. ಗೇಟಿನ ಬೋರ್ಡಿಗೆ ಬಣ್ಣ ಬಳಿಸಿ, ವಿಜ್ಞಾನದಲ್ಲಿ ಹೆಚ್ಚು ಅಂಕ ಪಡೆದವರ ಹೆಸರು ಬರೆಸುವ ಕೆಲಸ ನಡೆದಿತ್ತು. ಕರೆಸ್ಪಾಂಡೆಂಟ್ ಸರ್‌ಗೆ ಯಾರೋ ರೇವತಿಯ ಅಂಕ ಹೇಳಿದ್ದರು. ಅವಳು ಓದಿದ್ದು ನಮ್ಮ ಬೆಂಚಿನ ಮೇಲೇ ಅಲ್ಲವೇ, ಅವಳ ಹೆಸರೂ ಬರಲಿ ಎಂದು ಅವರು ಹೇಳಿಕಳಿಸಿದ್ದರಂತೆ. ಮೂರು ವರ್ಷದಲ್ಲಿ ನಾನು ಬಹಳ ಕಂಡಿದ್ದೆ. ಆದರೂ ಇದನ್ನು ಕೇಳಿ ನನ್ನ ಕಿವಿಯನ್ನೇ ನಂಬದಾದೆ.

ಮೇಡಂ ಸಮಾಧಾನವಾಗಿಯೇ ಹೇಳಿದರು. ಬೋರ್ಡಿನ ಮೇಲೆ ಹೆಸರು ಬರಬೇಕಾದರೆ ಅವಳು ನಮ್ಮಲ್ಲಿ ಇರಬೇಕು. ಇಲ್ಲಿಗೇ ಬಂದುಬಿಡಲಿ. ಫಸ್ಟ್ ಗ್ರೂಪ್ ಕೊಡುತ್ತೇವೆ, ಗಣಿತ, ಭೌತಶಾಸ್ತ್ರ, ಕಂಪ್ಯೂಟರ್. ತಂದೆಯ ಮುಖ ಅರಳಿತು. ಅವರು ಮಗಳ ಬೆನ್ನ ಮೇಲೆ ಕೈಯಿಟ್ಟು, "ಹೂಂ ಅನ್ನು ಮಗಾ. ಕಂಪ್ಯೂಟರ್ ಇದೆ, ಮಿಸ್ಸೂ ಇದಾರೆ" ಎಂದರು. ನನಗೂ ಅವಳು ಹೂಂ ಎನ್ನಲಿ ಎಂದೇ ಇತ್ತು. ಹನ್ನೊಂದು, ಹನ್ನೆರಡಕ್ಕೂ ಅವಳು ನನ್ನ ಕಣ್ಣೆದುರಿಗೆ ಇರುತ್ತಿದ್ದಳು.

"ಅಲ್ಲಿ ಸೇರಿದೀನಲ್ಲ ಮೇಡಂ" ಎಂದಳು ರೇವತಿ.

"ಅಲ್ಲಿ ಏನಿದೆ?" ಎಂದರು ಎಚ್ಚೆಂ ಮೇಡಂ. "ನನಗೆ ಆ ಸ್ಕೂಲ್ ಗೊತ್ತಮ್ಮಾ. ಲ್ಯಾಬ್ ಇಲ್ಲ, ಕಂಪ್ಯೂಟರ್ ಇಲ್ಲ, ಫ್ಯಾನ್ ಕೂಡ ತಿರುಗಲ್ಲ. ಅಂಥದ್ದು ಏನಿದೆ ಅಲ್ಲಿ?"

ಹುಡುಗಿ ಯೋಚಿಸಿದಳು. ಅವಳಿಗೆ ವ್ಯಂಗ್ಯ ಬರುತ್ತಿರಲಿಲ್ಲ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕುತ್ತಿದ್ದಳು, ಅಷ್ಟೆ.

"ಮೊದಲನೇ ದಿನ ನನ್ನ ಹೆಸರು ಕೂಗಿದ್ರು ಮೇಡಂ."

ತಂದೆ ಅವಳ ಬೆನ್ನ ಮೇಲಿಂದ ಕೈ ತೆಗೆದು, ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲಿನ ಮೇಲಿಟ್ಟುಕೊಂಡರು. ಎಚ್ಚೆಂ ಮೇಡಂ ತೆರೆದಿಟ್ಟಿದ್ದ ಪೆನ್ನಿಗೆ ಮುಚ್ಚಳ ಹಾಕಿದರು. ಅಪ್ಪ ಮಗಳು ಎದ್ದು, ಕೈಮುಗಿದು, ಬಸ್ಸಿಗೆ ತಡವಾಯಿತೆಂದು ಹೊರಟರು.

ಹೊರಗೆ ಗೇಟಿನ ಪಕ್ಕದಲ್ಲಿ ಬಣ್ಣದವನು ಏಣಿಯ ಮೇಲೆ ನಿಂತು ಕಾಯುತ್ತಿದ್ದ. ಕೊನೆಯ ಸಾಲಿಗೆ ಜಾಗ ಬಿಟ್ಟು ಪೆನ್ಸಿಲಿನಲ್ಲಿ ಗೀಟೂ ಎಳೆದಾಗಿತ್ತು. ಬ್ರಷ್ಷು ಒಣಗುತ್ತಿದೆ, ಹೆಸರೇನು ಹೇಳಿ ಮಿಸ್ ಎಂದು ಅವನು ಮೇಲಿಂದಲೇ ಕೇಳಿದ. ಹೆಸರಿಲ್ಲ, ಇಳಿದು ಬಾ ಎಂದೆ. ಅವನಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಗಟ್ಟಿಯಾಗಿ ಕೂಗಿ ಹೇಳಬೇಕಾಯಿತು.